ರಿವಾಲ್ವರಿಗೆ ರೈಫಲ್ ತೋಟಾ ಬೇಕಾ?

ಸಂಪಾದಕರಿಗೆ ನಮಸ್ಕಾರ.

ರೈಫಲ್ ತೋಟಾ ಹಾಕುವ ರಿವಾಲ್ವರ್ ಬರೀ ಶೋಕಿ, ಸುಮ್ನೆ ಹಣ ದಂಡ ಎಂದು ಓದುಗರೊಬ್ಬರು ಹೋದ ವಾರ ಇದೇ ಅಂಕಣದಲ್ಲಿ ಬರೆದಿದ್ದರು. ಓದಿ ನಗು ಬಂತು. ನನ್ನ ಹೆಂಡತಿ ಹನ್ನೊಂದು ವರ್ಷದಿಂದ ಇದೇ ಮಾತು ಹೇಳುತ್ತಿದ್ದಾಳೆ. ನನ್ನ ಹತ್ತಿರ ಇರುವುದು .30 ಕಾರ್ಬೈನ್ (ಕಾರ್ಬೈನ್ ಅಂದರೆ ಗಿಡ್ಡ ರೈಫಲ್) ತೋಟಾ ಹಾಕುವ, ರೂಗರ್ ಕಂಪನಿಯ ಬ್ಲ್ಯಾಕ್‌ಹಾಕ್ ರಿವಾಲ್ವರ್. ಅವರು ಬರೆದದ್ದರಲ್ಲಿ ಅರ್ಧ ನಿಜ. ಉಳಿದರ್ಧಕ್ಕೆ ಈ ಪತ್ರ.

ಈ ತೋಟಾ ಹುಟ್ಟಿದ್ದು ರಿವಾಲ್ವರಿಗಾಗಿ ಅಲ್ಲ. ಪಿಸ್ತೂಲಿಗಿಂತ ದೂರ ಹೊಡೆಯುವ, ದೊಡ್ಡ ರೈಫಲ್‌ಗಿಂತ ಹಗುರವಾದ ಬಂದೂಕು ಅಮೆರಿಕದ ಸೇನೆಗೆ ಬೇಕಿತ್ತು. 1941ರಲ್ಲಿ ಎಂ1 ಕಾರ್ಬೈನ್ ಒಪ್ಪಿಗೆಯಾಯಿತು. ಯುದ್ಧ ಮುಗಿಯುವಷ್ಟರಲ್ಲಿ 60 ಲಕ್ಷಕ್ಕೂ ಜಾಸ್ತಿ ತಯಾರಾಗಿದ್ದವು. ಆಮೇಲೆ ಅವು ಜನರ ಮನೆ ಸೇರಿದವು. ಅದೇ ತೋಟಾಕ್ಕೆ ಒಂದು ರಿವಾಲ್ವರ್ ಇದ್ದರೆ ಚೆನ್ನ ಅಂತ ಯಾರಿಗಾದರೂ ಅನಿಸುವುದು ಸಹಜ ಅಲ್ವಾ? 1960ರ ದಶಕದ ಕೊನೆಗೆ ರೂಗರ್ ಅದನ್ನು ಮಾಡಿತು. ಯೋಚನೆ ಹಳೆಯದೇ. 1873ರ ವಿಂಚೆಸ್ಟರ್ ರೈಫಲ್‌ನ .44-40 ತೋಟಾವನ್ನು ಕೋಲ್ಟ್ ತನ್ನ ರಿವಾಲ್ವರಿಗೂ ಹಾಕಿತ್ತು.

ಆದರೆ ಕಾರ್ಬೈನ್ ತೋಟಾದ ಮದ್ದು 18 ಇಂಚಿನ ನಳಿಗೆಗೆ ಲೆಕ್ಕ ಹಾಕಿದ್ದು. ಅಲ್ಲಿ 110 ಗ್ರೇನ್ (ಸುಮಾರು 7 ಗ್ರಾಂ) ಗುಂಡು ಸೆಕೆಂಡಿಗೆ ಸುಮಾರು 1,990 ಅಡಿ ವೇಗದಲ್ಲಿ ಹೊರಡುತ್ತದೆ. ನನ್ನ ರಿವಾಲ್ವರಿನ ಏಳೂವರೆ ಇಂಚಿನ ನಳಿಗೆಯಲ್ಲಿ ಅಳೆದರೆ ಸಿಕ್ಕಿದ್ದು 1,450ರ ಆಸುಪಾಸು. ವೇಗ ಕಾಲು ಭಾಗ ಇಳಿದಂತೆ ಕಾಣುತ್ತದೆ, ಶಕ್ತಿ ಹೆಚ್ಚುಕಮ್ಮಿ ಅರ್ಧಕ್ಕೆ ಬಂತು. ಉರಿದು ಮುಗಿಯದ ಮದ್ದು ಏನಾಯಿತು? ಬೆಂಕಿಯಾಯಿತು, ಸದ್ದಾಯಿತು. ಆ ಸದ್ದನ್ನು ಬರೆದು ತಿಳಿಸುವುದು ಕಷ್ಟ. ಮೊದಲ ದಿನ ಕಿವಿಗೆ ಬರೀ ರಬ್ಬರ್ ಬಿರಡೆ ಸಿಕ್ಕಿಸಿಕೊಂಡು ಹೋಗಿದ್ದೆ. ರಾತ್ರಿ ಊಟದ ಹೊತ್ತಿಗೂ ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು. ಈಗ ಬಿರಡೆ ಹಾಕಿ ಅದರ ಮೇಲೆ ಇಯರ್‌ಮಫ್ ಹಾಕುತ್ತೇನೆ. ತಮಾಷೆಯೆಂದರೆ ಕೈಗೆ ಒದೆತ ತೀರಾ ಕಡಿಮೆ. ಪಕ್ಕದಲ್ಲಿ ನಿಂತವರು ಮಾತ್ರ ನಾಲ್ಕು ಹೆಜ್ಜೆ ಸರಿದು ನಿಲ್ಲುತ್ತಾರೆ.

ಎರಡನೇ ಪಾಠ ಕಲಿತದ್ದು ನನ್ನದೇ ತಪ್ಪಿನಿಂದ. ಸಾಮಾನ್ಯ ರಿವಾಲ್ವರ್ ತೋಟಾದ ಬುಡದಲ್ಲಿ ಹೊರಚಾಚಿದ ಅಂಚು ಇರುತ್ತದೆ. ಅದು ಸಿಲಿಂಡರಿಗೆ, ಅಂದರೆ ತೋಟಾ ಕೂರುವ ತಿರುಗುವ ಉರುಳೆಗೆ, ಸಿಕ್ಕಿಕೊಂಡು ತೋಟಾ ಒಳಗೆ ಜಾರದಂತೆ ತಡೆಯುತ್ತದೆ. ಇದಕ್ಕೆ ಆ ಅಂಚಿಲ್ಲ. ಕೇಸಿನ, ಅಂದರೆ ತೋಟಾದ ಹಿತ್ತಾಳೆ ಕೊಳವೆಯ, ಬಾಯಿಯೇ ಒಳಗಿರುವ ಸಣ್ಣ ಮೆಟ್ಟಿಲಿಗೆ ತಾಗಿ ನಿಲ್ಲಬೇಕು. ಖಾಲಿ ಕೇಸಿಗೆ ಮತ್ತೆ ಮದ್ದು, ಗುಂಡು ಹಾಕಿ ತೋಟಾ ನಾನೇ ತುಂಬುತ್ತೇನೆ, ಅಂಚಿರುವ .357 ಮ್ಯಾಗ್ನಮ್ ತೋಟಾ ತುಂಬಿ ಅಭ್ಯಾಸವಾದವನು. ಅದೇ ಕೈಚಳಕದಲ್ಲಿ ಬಾಯಿಯನ್ನು ಗುಂಡಿನ ಮೇಲೆ ಚೆನ್ನಾಗಿ ಮಡಚಿಬಿಟ್ಟೆ. ಆರರಲ್ಲಿ ನಾಲ್ಕು ಹೊಡೆಯಲಿಲ್ಲ. ಬರೀ ಟಕ್ ಟಕ್. ತಾಗಿ ನಿಲ್ಲಲು ಬಾಯಿಯೇ ಇರಲಿಲ್ಲ, ತೋಟಾ ಒಳಕ್ಕೆ ಜಾರಿ ಹೊಡೆಯುವ ಪಿನ್ನಿಗೆ ಸರಿಯಾಗಿ ಸಿಕ್ಕಿರಲಿಲ್ಲ. ತಡವಾಗಿ ಸಿಡಿದೀತು ಎಂದು ಪ್ರತಿ ಸಲ ನಳಿಗೆ ಗುರಿ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯುತ್ತಾ ನಿಂತಿದ್ದೆ. ಆ ಅರ್ಧ ನಿಮಿಷ ಬಹಳ ಉದ್ದ ಇರುತ್ತದೆ ಸ್ವಾಮಿ. ಜೊತೆಗೆ ಕೇಸು ಹೊಡೆದಂತೆಲ್ಲ ಉದ್ದವಾಗುತ್ತದೆ, ಕತ್ತರಿಸಬೇಕು. ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚು (ಡೈ) ಗಟ್ಟಿ ಕಾರ್ಬೈಡಿನದಾದರೂ ಎಣ್ಣೆ ಸವರಬೇಕು, ಆಮೇಲೆ ಒರೆಸಬೇಕು. ಈ ಕೆಲಸಕ್ಕೆ ಬೇಸರಪಡುವವರು ಈ ರಿವಾಲ್ವರ್ ತಂಟೆಗೆ ಬರುವುದು ಬೇಡ.

ಅಂಚಿಲ್ಲದ ಖಾಲಿ ಕೇಸು ಹೊರಗೆ ಬರುವುದಾದರೂ ಹೇಗೆ ಎಂದು ಆ ಓದುಗರು ಕೇಳಿದ್ದಾರೆ. ಆರಾಮಾಗಿ ಬರುತ್ತದೆ. ಬ್ಲ್ಯಾಕ್‌ಹಾಕ್‌ನಲ್ಲಿ ಒಂದೊಂದೇ ಕೇಸನ್ನು ಒಳಗಿನಿಂದ ಸರಳು ತಳ್ಳುತ್ತದೆ, ಅಂಚು ಹಿಡಿದು ಎಳೆಯುವ ಕೆಲಸವೇ ಇಲ್ಲ. ನಿಜವಾದ ತೊಂದರೆ ಇರುವುದು ಸೀಸೆಯಂತೆ ಕತ್ತು ಸಣ್ಣಗಿರುವ ತೋಟಾಗಳಲ್ಲಿ. ಸ್ಮಿತ್ ಅಂಡ್ ವೆಸನ್ 1961ರಲ್ಲಿ ಅಂಥ .22 ರೆಮಿಂಗ್ಟನ್ ಜೆಟ್ ತೋಟಾದ ಮಾಡೆಲ್ 53 ರಿವಾಲ್ವರ್ ತಂದಿತು. ಹೊಡೆದಾಗ ಕೇಸು ಹಿಂದಕ್ಕೆ ಸರಿದು ಸಿಲಿಂಡರ್ ತಿರುಗದಂತೆ ಕಚ್ಚಿಕೊಳ್ಳುತ್ತಿತ್ತು. ಕಾರ್ಬೈನ್ ತೋಟಾಕ್ಕೆ ಕತ್ತೇ ಇಲ್ಲ, ಹಾಗಾಗಿ ಬಚಾವು. .45-70 ಎಂಬ ದೊಡ್ಡ ರೈಫಲ್ ತೋಟಾ ಹಾಕುವ ರಿವಾಲ್ವರೂ ಇದೆ. ತೂಕ ಸುಮಾರು 2 ಕಿಲೋ. ನಾನು ಪೈಲ್ವಾನನಲ್ಲ, ಅದರ ಸುದ್ದಿ ಬಿಟ್ಟೆ.

ಹಾಗಾದರೆ ಕೊಳ್ಳಬಹುದಾ? ಮನೆಯಲ್ಲಿ ಒಂದೇ ಬಂದೂಕು ಇರಬೇಕು ಅನ್ನುವವರಿಗೆ ಇದು ಬೇಡ. ಆತ್ಮರಕ್ಷಣೆಗೂ ಬೇಡ. ಕೋಣೆಯೊಳಗೆ ಹೊಡೆದರೆ ಕಳ್ಳನಿಗೆ ತಾಗುವುದೋ ಬಿಡುವುದೋ, ನಮ್ಮ ಕಿವಿಯಂತೂ ಹೋಯಿತು. ಆದರೆ ಕಾರ್ಬೈನ್ ಮೊದಲೇ ಇದ್ದು, ತೋಟಾ ತಾವೇ ತುಂಬುವವರಾದರೆ ಧಾರಾಳವಾಗಿ ಕೊಳ್ಳಿ. ಡೈ ಒಂದೇ, ಗುಂಡು ಒಂದೇ, ಮದ್ದು ಒಂದೇ. ಗುಂಡು ನೇರ ಹೋಗುತ್ತದೆ, 100 ಮೀಟರ್ ದೂರದ ತಗಡು ಠಣ್ ಅನ್ನುತ್ತದೆ. ಕಾರ್ಬೈನ್ ಖಾಲಿ ಕೇಸನ್ನು ಹುಲ್ಲಿಗೆ ಎಸೆದು ನನ್ನನ್ನು ಬಗ್ಗಿ ಹುಡುಕಿಸುತ್ತದೆ, ಇದು ಕೈಗೇ ಕೊಡುತ್ತದೆ. ನನ್ನ ಸೊಂಟಕ್ಕೆ ಅದೂ ದೊಡ್ಡ ಉಪಕಾರ.

ಆ ಓದುಗರು ಒಮ್ಮೆ ಬಂದು ಆರು ಗುಂಡು ಹೊಡೆದು ನೋಡಲಿ. ತೋಟಾ ನಂದು. ಕಿವಿಗೆ ಹಾಕಿಕೊಳ್ಳುವುದನ್ನು ಮಾತ್ರ ಅವರೇ ತರಲಿ.

ನಿಮ್ಮ ಹಳೇ ಓದುಗ