ಡಯಾಂಚ ಬೀಜ ಕೃತ್ತಿಕೆ ಮಳೆಗೆ ಮೊದಲೇ ಸಿಗಲಿ

ಮಾನ್ಯ ಸಂಪಾದಕರೇ,

ಜುಲೈ ಕೊನೆಯ ವಾರ. ಕೊಳವೆಬಾವಿ ನೀರಿನಲ್ಲಿ ಹಾಕಿದ್ದ ಭತ್ತದ ಸಸಿಮಡಿಯಲ್ಲಿ ಕಳೆ ಕೀಳುತ್ತಿದ್ದೆ. ಕೃಷಿ ಇಲಾಖೆಯವರಿಂದ ಮೊಬೈಲಿಗೆ ಕರೆ ಬಂತು. ‘ಡಯಾಂಚ ಬೀಜ ಬಂದಿದೆ ಅಮ್ಮ, ಬಂದು ಒಯ್ಯಿರಿ’ ಎಂದರು. ಡಯಾಂಚ ಎಂದರೆ ನಾಟಿಗೆ ಮೊದಲು ಗದ್ದೆಯಲ್ಲೇ ಬೆಳೆದು, ಹಸಿರಿರುವಾಗಲೇ ಉತ್ತು ಮಣ್ಣಿಗೆ ಸೇರಿಸುವ ಹಸಿರೆಲೆ ಗೊಬ್ಬರದ ಗಿಡ. ಆ ಬೀಜಕ್ಕಾಗಿ ಪಹಣಿ, ಆಧಾರ್, ಎಫ್‌ಐಡಿ (ರೈತರ ಗುರುತಿನ) ಸಂಖ್ಯೆ ಎಲ್ಲವನ್ನೂ ಕೊಟ್ಟು ನಾನು ಹೆಸರು ಬರೆಸಿದ್ದು ಮೇ ಮೊದಲ ವಾರದಲ್ಲಿ. ಇನ್ನು ಹದಿನೈದು ದಿನಕ್ಕೆ ನಾಟಿ ಇಟ್ಟುಕೊಂಡವಳು ನಲವತ್ತೈದು ದಿನ ಬೆಳೆಯಬೇಕಾದ ಗಿಡವನ್ನು ಎಲ್ಲಿ ಬಿತ್ತಲಿ? ಹೀಗಾಗುತ್ತಿರುವುದು ಇದು ಎರಡನೆಯ ವರ್ಷ. ಅದಕ್ಕೇ ಈ ಪತ್ರ.

ನಾನು ಹರಿಹರ ತಾಲ್ಲೂಕಿನವಳು. ಭದ್ರಾ ನಾಲೆಯ ಕೊನೆಯ ಭಾಗದಲ್ಲಿ ನಮ್ಮದು ಮೂರೂವರೆ ಎಕರೆ ಎರೆಭೂಮಿ. ಯಜಮಾನರು ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ಬೇಸಾಯ ನನ್ನದೇ. ಬೇಸಿಗೆ ಭತ್ತ ಕೊಯ್ಲಾಗುವುದು ಮೇ ತಿಂಗಳಲ್ಲಿ. ಲಕ್ಕವಳ್ಳಿಯ ಅಣೆಕಟ್ಟು ತುಂಬಿ, ನಾಲೆಗೆ ನೀರು ಬಿಟ್ಟು, ಅದು ನಮ್ಮ ತೂಬಿಗೆ ಇಳಿಯುವ ಹೊತ್ತಿಗೆ ಆಗಸ್ಟ್. ಈ ಎರಡರ ನಡುವೆ ಎರಡು ಎರಡೂವರೆ ತಿಂಗಳು ನೆಲ ಬರಿದಾಗಿ ಬಿಸಿಲಿಗೆ ಬಾಯಿಬಿಟ್ಟುಕೊಂಡು ಬಿದ್ದಿರುತ್ತದೆ. ಕಟಾವು ಯಂತ್ರ ಬಿಟ್ಟುಹೋದ ಹುಲ್ಲಿಗೆ ಕೆಲವರು ಬೆಂಕಿಯನ್ನೂ ಇಡುತ್ತಾರೆ. ಆ ಹೊಗೆ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಡಯಾಂಚ ಹೇಳಿ ಮಾಡಿಸಿದಂತೆ ಆ ಸಂದಿಗೆ ಕೂರುತ್ತದೆ. ಎಕರೆಗೆ ಇಪ್ಪತ್ತು ಕೆಜಿ ಬೀಜ. ಅದರ ಸಿಪ್ಪೆ ಗಡುಸು, ಹಾಗಾಗಿ ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಎರಚಬೇಕು. ಕೃತ್ತಿಕೆಯ ಒಂದು ಹದ ಮಳೆ ಸಿಕ್ಕರೆ ಸಾಕು, ರೋಹಿಣಿಯಲ್ಲಿ ಗದ್ದೆ ಹಸಿರಾಗಿ, ಆರಿದ್ರಾ ಹೊತ್ತಿಗೆ ಗಿಡ ಎದೆಮಟ್ಟ ಬಂದಿರುತ್ತದೆ. ಅದರ ನೆರಳಿನಲ್ಲಿ ಕಳೆ ಏಳುವುದಿಲ್ಲ. ಬಿರುಮಳೆ ಬಂದರೂ ಮೇಲ್ಮಣ್ಣು ಕೊಚ್ಚಿಹೋಗುವುದಿಲ್ಲ. ಒಂದು ಗಿಡ ಕಿತ್ತು ಬೇರು ನೋಡಿ, ಸಾಸಿವೆ ಕಾಳಿನಷ್ಟು ದಪ್ಪದ ಗಂಟುಗಳಿರುತ್ತವೆ. ಉಗುರಿನಿಂದ ಸೀಳಿದರೆ ಒಳಗೆ ಕೆಂಪು. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ ಇರುವುದು ಅಲ್ಲಿ. ಬೆಳೆ ಚೆನ್ನಾಗಿ ಬಂದರೆ ಎಕರೆಗೆ ಎಂಟರಿಂದ ಹತ್ತು ಟನ್ ಹಸಿಸೊಪ್ಪು, ಅದರಲ್ಲಿ 25ರಿಂದ 30 ಕೆಜಿ ಸಾರಜನಕ. 45 ಕೆಜಿಯ ಒಂದು ಯೂರಿಯಾ ಚೀಲದಲ್ಲಿ ಇರುವುದು ಇಪ್ಪತ್ತು ಕೆಜಿ ಚಿಲ್ಲರೆ. ಎಕರೆಗೆ ಮೂರು ಚೀಲ ಹಾಕುತ್ತಿದ್ದ ನಾನು ಈಗ ಎರಡಕ್ಕೆ ಇಳಿದಿದ್ದೇನೆ. ಮುಂಗಾರಿನಲ್ಲಿ ಒಂದು ಚೀಲ ಯೂರಿಯಾಕ್ಕಾಗಿ ಬೆಳಗಿನ ಐದಕ್ಕೇ ಸಾಲಿನಲ್ಲಿ ಚಪ್ಪಲಿ ಬಿಟ್ಟು ಕಾದವರಿಗೆ ಆ ಒಂದು ಚೀಲದ ಬೆಲೆ ತಿಳಿಯುತ್ತದೆ.

ಮೊದಲ ವರ್ಷ ನಾನು ತಪ್ಪು ಮಾಡಿದೆ. ಇನ್ನಷ್ಟು ಬೆಳೆಯಲಿ, ಸೊಪ್ಪು ಹೆಚ್ಚಾಗಲಿ ಎಂದು ಹಳದಿ ಹೂವು ತುಂಬುವವರೆಗೆ ಬಿಟ್ಟೆ. ಕಾಂಡವೆಲ್ಲ ನಾರಾಗಿ ರೋಟವೇಟರಿನ ಹಲ್ಲಿಗೆ ಸುತ್ತಿಕೊಂಡಿತು. ಕೊಳೆಯದೆ ಉಳಿದ ಕೂಳೆ ನಾಟಿಗೆ ಬಂದ ಹೆಣ್ಣುಮಕ್ಕಳ ಪಾದಕ್ಕೆ ಚುಚ್ಚಿತು. ಒಬ್ಬಾಕೆ ಎರಡು ದಿನ ಕೆಲಸಕ್ಕೆ ಬರಲಾಗಲಿಲ್ಲ. ಆಕೆಯ ಮನೆಗೆ ಹೋಗಿ ಕೂಲಿ ಕೊಟ್ಟು ಬಂದೆ. ಈಗ ನಲವತ್ತೈದನೆಯ ದಿನ, ಹೂವಿಗೆ ಮೊದಲೇ, ಕಾಂಡ ಉಗುರಿಗೆ ಮುರಿಯುವಾಗ ಮಣ್ಣಿಗೆ ಸೇರಿಸುತ್ತೇನೆ. ನೀರು ನಿಲ್ಲಿಸಿ ಎಂಟು ಹತ್ತು ದಿನ ಕೊಳೆಯಲು ಬಿಟ್ಟು ಆಮೇಲೆ ನಾಟಿ.

ನಾಲೆಯ ಬಸಿನೀರಿನಿಂದ ಚೌಳಾದ ಒಂದು ಮೂಲೆ ನಮ್ಮಲ್ಲಿದೆ. ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದಂತೆ ಬೆಳ್ಳಗಾಗುತ್ತಿತ್ತು, ನೆಟ್ಟ ಸಸಿ ವಾರದಲ್ಲಿ ಕೆಂಪಾಗಿ ಸಾಯುತ್ತಿತ್ತು. ಡಯಾಂಚ ಚೌಳನ್ನು ತಾಳಿಕೊಳ್ಳುತ್ತದೆ. ಅಲ್ಲಿ ಗಿಡ ಗಿಡ್ಡವಾಗಿಯೇ ಬೆಳೆಯಿತು, ಆದರೆ ಬೆಳೆಯಿತು. ಮೂರು ವರ್ಷ ಬಿಡದೆ ಬಿತ್ತಿ ಉತ್ತ ಮೇಲೆ ಈಗ ಅಲ್ಲಿಯೂ ಭತ್ತ ತೆನೆ ಕಟ್ಟುತ್ತಿದೆ. ನನ್ನ ಅತ್ತೆ ಇದ್ದಿದ್ದರೆ ಅವರನ್ನು ಕರೆದುಕೊಂಡು ಹೋಗಿ ಆ ಮೂಲೆಯನ್ನು ತೋರಿಸುತ್ತಿದ್ದೆ. ಅವರ ಕಾಲದಲ್ಲಿ ಬದುವಿನ ಹೊಂಗೆ, ಎಕ್ಕೆ, ಗುಡ್ಡದ ತಂಗಡಿ ಸೊಪ್ಪನ್ನು ಹೆಂಗಸರು ತಲೆಹೊರೆಯಲ್ಲಿ ತಂದು ಕೆಸರಿಗೆ ತುಳಿಯುತ್ತಿದ್ದರು. ಟ್ರ್ಯಾಕ್ಟರ್ ತಿರುಗಲೆಂದು ಬದು ಸವರಿದೆವು, ಮರ ಹೋದವು. ದನ ಮಾರಿದೆವು, ತಿಪ್ಪೆಯೂ ಹೋಯಿತು. ಕುರಿ ಮಂದೆ ನಿಲ್ಲಿಸೋಣವೆಂದರೆ ರಾತ್ರಿಯೊಂದಕ್ಕೆ ಕೇಳುವ ಹಣ ಸಣ್ಣ ಹಿಡುವಳಿಯವರಿಗೆ ಎಟುಕುವುದಿಲ್ಲ. ಹಾಗಾಗಿ ಗದ್ದೆಯಲ್ಲೇ ಗೊಬ್ಬರ ಬೆಳೆದುಕೊಳ್ಳುವುದೊಂದೇ ನಮಗೆ ಉಳಿದಿರುವ ದಾರಿ.

ಬೀಜ ಸಿಕ್ಕರೂ ಇನ್ನೊಂದು ತೊಡಕಿದೆ. ಕೊಯ್ಲಾದ ಮೇಲೆ ಊರ ದನ, ಆಡು, ಕುರಿಗಳನ್ನು ಬಯಲಿಗೆ ಬಿಡುವುದು ಹಿಂದಿನಿಂದ ಬಂದ ರೂಢಿ. ಎಲ್ಲರ ಗದ್ದೆಯೂ ಒಣಗಿರುವಾಗ ನನ್ನ ಮೂರೂವರೆ ಎಕರೆ ಮಾತ್ರ ಹಸಿರಾಗಿದ್ದರೆ ಅವು ಬೇರೆಲ್ಲಿಗೆ ಹೋಗಬೇಕು? ಕಾದು ಕಾದು ಸೋತಿದ್ದೇನೆ. ದನ ಬಿಟ್ಟವರನ್ನು ಬೈದು ಪ್ರಯೋಜನವಿಲ್ಲ, ಅವರಿಗೂ ಮೇವು ಬೇಕು. ಒಂದು ತೂಬಿನ ಕೆಳಗಿನವರೆಲ್ಲ ಒಟ್ಟಿಗೆ ಬಿತ್ತಿದರೆ ಮಾತ್ರ ಇದು ತೀರುತ್ತದೆ. ನೀರು ಬಳಕೆದಾರರ ಸಂಘಗಳು ಇರುವುದು ನೀರಿನ ಸರದಿ ಹಾಕಲು ಮಾತ್ರವೇ? ಬಿತ್ತುವ ವಾರವನ್ನೂ, ದನ ಮೇಯಲು ಬಿಡುವ ಜಾಗವನ್ನೂ ಅವರೇ ಕೂತು ಗೊತ್ತುಮಾಡಬಹುದು. ಗುತ್ತಿಗೆಗೆ ಮಾಡುವವರ ಮಾತು ಬೇರೆ. ಮುಂದಿನ ವರ್ಷ ಕೈಬಿಟ್ಟು ಹೋಗುವ ಹೊಲಕ್ಕೆ ನಾನೇಕೆ ಗೊಬ್ಬರ ಬೆಳೆಯಲಿ ಎಂದು ಪಕ್ಕದ ಗದ್ದೆಯ ತಮ್ಮ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಬೀಜ, ಉಳುಮೆಯ ಖರ್ಚನ್ನು ಭೂಮಾಲೀಕರು ಹೊರಬೇಕೆಂದು ನನ್ನ ಅನಿಸಿಕೆ. ಮಣ್ಣು ಉಳಿಯುವುದು ಅವರಿಗೇ ಅಲ್ಲವೇ?

ಕೃಷಿ ಇಲಾಖೆಯಲ್ಲಿ ನನ್ನ ಬೇಡಿಕೆ ಒಂದೇ. ಹಸಿರೆಲೆ ಗೊಬ್ಬರದ ಬೀಜವನ್ನು ಮುಂಗಾರಿನ ಭತ್ತ, ಮೆಕ್ಕೆಜೋಳದ ಬೀಜದ ಜೊತೆ ಸೇರಿಸಬೇಡಿ. ಅದು ಅವುಗಳಿಗಿಂತ ಮುಂಚೆ ಬಿತ್ತುವ ಬೀಜ. ಏಪ್ರಿಲ್ ಕೊನೆಗೆ ಹೋಬಳಿಗೆ ತಲುಪಿದರೆ ಮಾತ್ರ ಅದರಿಂದ ಪ್ರಯೋಜನ. ಜುಲೈಯಲ್ಲಿ ಕೊಟ್ಟ ಬೀಜ ಲೆಕ್ಕದ ಪುಸ್ತಕದಲ್ಲಿ ವಿತರಣೆಯಾದಂತೆ ಕಾಣುತ್ತದೆ, ಮಣ್ಣಿಗೆ ಸೇರುವುದಿಲ್ಲ. ಎಷ್ಟೋ ಮನೆಗಳ ಅಟ್ಟದಲ್ಲಿ ಆ ಚೀಲಗಳು ಹುಳು ಹಿಡಿಯುತ್ತಿವೆ.

ನಾನು ಈ ಸಲ ಬಂದ ಬೀಜವನ್ನು ಹಾಗೆ ಬಿಡಲಿಲ್ಲ. ನಾಲೆಯ ನೀರು ಏರದ ಆರು ಗುಂಟೆ ದಿಬ್ಬದಲ್ಲಿ ಬಿತ್ತಿ, ಬೀಜಕ್ಕೆಂದೇ ಬೆಳೆಯಲು ಬಿಟ್ಟಿದ್ದೇನೆ. ಡಿಸೆಂಬರಿನಲ್ಲಿ ಕಾಯಿ ಒಣಗುತ್ತದೆ, ನಲವತ್ತು ಕೆಜಿಯಾದರೂ ಆದೀತು. ನಮ್ಮ ತೂಬಿನ ಕೆಳಗೆ ಹನ್ನೊಂದು ಮನೆಯವರು ಬರುವ ಮೇ ತಿಂಗಳಲ್ಲಿ ಒಟ್ಟಿಗೆ ಬಿತ್ತಲು ಒಪ್ಪಿದ್ದಾರೆ, ಎಲ್ಲ ಸೇರಿ ಇಪ್ಪತ್ತಾರು ಎಕರೆ. ನನ್ನ ಬೀಜ ಎರಡು ಎಕರೆಗೆ ಸಾಕಾಗುತ್ತದೆ. ಉಳಿದ ಇಪ್ಪತ್ತನಾಲ್ಕು ಎಕರೆಗೆ ನಾಲ್ಕು ಕ್ವಿಂಟಲ್ ಎಂಬತ್ತು ಕೆಜಿ ಬೇಕು. ಹನ್ನೊಂದೂ ಮನೆಯವರ ಸಹಿ ಹಾಕಿಸಿ ಅರ್ಜಿಯನ್ನು ಈಗಲೇ ಕೊಟ್ಟಿದ್ದೇವೆ.

ಒಬ್ಬ ರೈತ ಮಹಿಳೆ
ಹರಿಹರ ತಾಲ್ಲೂಕು, ದಾವಣಗೆರೆ ಜಿಲ್ಲೆ