ಕರೆಂಟ್ ಎಷ್ಟು ಹೊತ್ತು ಇರುತ್ತದೆ ಎಂಬುದೇ ಲೆಕ್ಕ

ಮಾನ್ಯ ಸಂಪಾದಕರೇ,

ವಿದ್ಯುತ್ ಕಡಿತದ ವೇಳಾಪಟ್ಟಿ ಬಂದ ಕೂಡಲೇ ಎಲ್ಲರೂ ನೋಡುವುದು ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ ಎಂದು. ಇನ್ವರ್ಟರ್ ಅಂಗಡಿಯಲ್ಲಿ ಕೇಳುವುದೂ ಅದನ್ನೇ: ‘ಎಷ್ಟು ಗಂಟೆ ಬ್ಯಾಕಪ್ ಬರುತ್ತದೆ?’ ಅಪರೂಪಕ್ಕೊಮ್ಮೆ ಕರೆಂಟ್ ಹೋಗುವ ಮನೆಗೆ ಆ ಪ್ರಶ್ನೆ ಸಾಕು. ದಿನವೂ ಎರಡು ಮೂರು ಸಲ ಹೋಗುವ ಮನೆಗೆ ಸಾಲದು. ಒಂದು ಕಡಿತ ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಬ್ಯಾಟರಿ ಮತ್ತೆ ತುಂಬುತ್ತದೆಯೇ ಎಂದು ಅಲ್ಲಿ ಮೊದಲು ಕೇಳಬೇಕು. ಹೊಸ ಬ್ಯಾಟರಿ ಅವಧಿಗೆ ಮುಂಚೆಯೇ ಕೈಕೊಡುವುದು ಎಷ್ಟೋ ಮನೆಗಳಲ್ಲಿ ಈ ಲೆಕ್ಕ ಹಾಕದೇ ಇದ್ದುದರಿಂದ.

ಲೆಕ್ಕ ಕಷ್ಟದ್ದೇನಲ್ಲ. ಹಳೆಯ ಮಾದರಿಯ ಸೀಲಿಂಗ್ ಫ್ಯಾನಿಗೆ ಸುಮಾರು 75 ವಾಟ್ ಬೇಕು. ಅಂಥ ಎರಡು ಫ್ಯಾನ್, 9 ವಾಟ್‌ನ ನಾಲ್ಕು ಎಲ್‌ಇಡಿ ಬಲ್ಬು, 10 ವಾಟ್‌ನ ವೈಫೈ ರೂಟರ್ ಸೇರಿದರೆ ಹತ್ತಿರ ಹತ್ತಿರ 200 ವಾಟ್. ಮೂರು ತಾಸಿಗೆ 600 ವಾಟ್-ಅವರ್. ಇನ್ವರ್ಟರ್ ತಾನೇ ಐದನೇ ಒಂದು ಪಾಲು ತಿನ್ನುತ್ತದೆಂದು ಹಿಡಿದರೆ ಬ್ಯಾಟರಿಯಿಂದ ಹೋಗುವುದು 750. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ 62 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ಚಿಲ್ಲರೆ. ಸೀಸದ ಬ್ಯಾಟರಿಯಲ್ಲಿ ದಿನವೂ ಅರ್ಧಕ್ಕಿಂತ ಹೆಚ್ಚು ಬಳಸಬಾರದು. 150 ಎಎಚ್ ಬ್ಯಾಟರಿಗೆ ಇದು ಅರ್ಧದೊಳಗೇ ಬಂತು. ಒಂದು ಕಡಿತಕ್ಕೆ ತೊಂದರೆಯಿಲ್ಲ.

ತೊಂದರೆ ಬರುವುದು ತುಂಬಿಸುವಾಗ. 62 ತೆಗೆದರೆ 75ರಷ್ಟಾದರೂ ಮರಳಿ ಹಾಕಬೇಕು, ಏಕೆಂದರೆ ಚಾರ್ಜ್ ಆಗುವಾಗ ಒಂದಷ್ಟು ಶಾಖವಾಗಿ, ಗ್ಯಾಸ್ ಆಗಿ ಹೋಗುತ್ತದೆ. ಇನ್ವರ್ಟರ್ 15 ಆಂಪಿಯರ್ ಕೊಡುತ್ತಿದ್ದರೆ ಐದು ತಾಸು ಬೇಕು. ಕೊನೆಯ ಹಂತದಲ್ಲಿ ಚಾರ್ಜ್ ನಿಧಾನವಾಗುವುದರಿಂದ ಏಳು ತಾಸು ಎಂದೇ ಹಿಡಿಯಿರಿ. ಎರಡು ಕಡಿತಗಳ ನಡುವೆ ಸಿಗುವುದು ನಾಲ್ಕೇ ತಾಸಾದರೆ ಬ್ಯಾಟರಿ ಅರೆಹೊಟ್ಟೆಯಲ್ಲೇ ಮತ್ತೆ ದುಡಿಮೆಗೆ ಇಳಿಯುತ್ತದೆ. ಹೀಗೆ ವಾರಗಟ್ಟಲೆ ಅರೆಬರೆ ಚಾರ್ಜಿನಲ್ಲೇ ಕಳೆದರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಹರಳು ಕಟ್ಟಿದ ಭಾಗ ಮತ್ತೆ ಚಾರ್ಜ್ ತೆಗೆದುಕೊಳ್ಳುವುದಿಲ್ಲ.

ಆಗ ಜನ ಮಾಡುವುದು ಇನ್ನೂ ದೊಡ್ಡ ಬ್ಯಾಟರಿ ತರುವ ಕೆಲಸ. ಅದರಿಂದ ಈ ಸಮಸ್ಯೆ ತೀರದು. ಹಂಡೆ ದೊಡ್ಡದಾಯಿತೆಂದು ನಲ್ಲಿಯಲ್ಲಿ ನೀರು ಜೋರಾಗಿ ಬರುವುದಿಲ್ಲ. ಚಾರ್ಜ್ ಮಾಡುವ ಆಂಪಿಯರ್ ಅಷ್ಟೇ ಇದ್ದರೆ ಮರಳಿ ತುಂಬುವುದೂ ಅಷ್ಟೇ. ಇದಕ್ಕಿಂತ ಖರ್ಚನ್ನು ಇಳಿಸುವುದು ಮೇಲು. ಎರಡೂ ಫ್ಯಾನುಗಳನ್ನು 30 ವಾಟ್ ಸುಮಾರಿನ, ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನಿಗೆ ಬದಲಾಯಿಸಿದರೆ ಒಟ್ಟು ಲೋಡ್ 106 ವಾಟ್‌ಗೆ ಇಳಿಯುತ್ತದೆ. ಮೂರು ತಾಸಿಗೆ ಬ್ಯಾಟರಿಯಿಂದ ಹೋಗುವುದು 33 ಎಎಚ್, ಮರಳಿ ತುಂಬಲು ನಾಲ್ಕು ತಾಸು ಸಾಕಾಗುತ್ತದೆ. ಅದೇ ಬ್ಯಾಟರಿ, ಅದೇ ಇನ್ವರ್ಟರ್. ಇಷ್ಟಾದ ಮೇಲೂ ಸಾಲದಿದ್ದರೆ ಚಾರ್ಜಿಂಗ್ ಆಂಪಿಯರ್ ಎಷ್ಟೆಂದು ಕೇಳಿ. ಸೀಸದ ಬ್ಯಾಟರಿಗೆ ಎಎಚ್‌ನ ಹತ್ತನೇ ಒಂದು ಭಾಗದಷ್ಟು ಇರಬೇಕು. ಲಿಥಿಯಂ ಬ್ಯಾಟರಿ ಬೇಗ ತುಂಬುತ್ತದೆ, ಅರೆಬರೆ ಚಾರ್ಜಿಗೆ ಕೆಡುವುದಿಲ್ಲ. ಆದರೆ ಅದಕ್ಕೆ ಹೊಂದುವ ಇನ್ವರ್ಟರೇ ಬೇಕು. ಸೀಸದ ಬ್ಯಾಟರಿಗೆಂದು ಮಾಡಿದ್ದಕ್ಕೆ ಸುಮ್ಮನೆ ಜೋಡಿಸಬಾರದು.

ಇನ್ವರ್ಟರಿನ ಹಿಂಬದಿಯ ಒಂದು ಸಣ್ಣ ಸ್ವಿಚ್ಚಿನ ಬಗ್ಗೆ ಹೇಳಲೇಬೇಕು, ಏಕೆಂದರೆ ಅದರ ಕಡೆಗೆ ಯಾರೂ ಕಣ್ಣು ಹಾಯಿಸುವುದಿಲ್ಲ. ಹಲವು ಮಾದರಿಗಳಲ್ಲಿ ಅದಕ್ಕೆ ‘ಯುಪಿಎಸ್’ ಮತ್ತು ‘ನಾರ್ಮಲ್’ ಎಂಬ ಎರಡು ಸ್ಥಾನ. ಯುಪಿಎಸ್ ಕಡೆಗಿದ್ದರೆ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದ ಕೂಡಲೇ ಇನ್ವರ್ಟರ್ ಲೈನನ್ನು ಬಿಟ್ಟು ಬ್ಯಾಟರಿಗೆ ಹೋಗುತ್ತದೆ. ಕಡಿತ ಮುಗಿದಾಗ ಎಲ್ಲ ಮನೆಗಳ ಲೋಡೂ ಒಮ್ಮೆಲೇ ಬಿದ್ದು ವೋಲ್ಟೇಜ್ ಕುಸಿದಿರುತ್ತದೆ. ಆಗ ಮನೆಯಲ್ಲಿ ಕರೆಂಟ್ ಇದ್ದರೂ ಬ್ಯಾಟರಿ ಚಾರ್ಜ್ ಆಗುವ ಬದಲು ಖಾಲಿಯಾಗುತ್ತಿರುತ್ತದೆ! ಡೆಸ್ಕ್‌ಟಾಪ್ ಕಂಪ್ಯೂಟರ್ ಇಲ್ಲದ ಮನೆಗೆ ನಾರ್ಮಲ್ ಸಾಕು. ಹೀಗೆ ಆಗುತ್ತಿದೆಯೇ ಎಂದು ತಿಳಿಯಲು ಕರೆಂಟ್ ಬಂದ ಮೇಲೆ ಡಿಸ್‌ಪ್ಲೇ ನೋಡಿ, ‘ಮೇನ್ಸ್’ ದೀಪ ಉರಿಯುತ್ತಿರಬೇಕು.

ನೀರು. ಇನ್ವರ್ಟರಿಗೆ ಹೆಚ್ಚಾಗಿ ಬಳಸುವ ಟ್ಯೂಬುಲರ್ ಎಂಬ ಸೀಸದ ಬ್ಯಾಟರಿಯ ಪ್ರತಿ ಸೆಲ್ಲಿನ ಮೇಲೂ ಏರಿಳಿಯುವ ಕಡ್ಡಿಯಿರುತ್ತದೆ. ದಿನವೂ ಕಡಿತವಿರುವಾಗ ತಿಂಗಳಿಗೊಮ್ಮೆ ನೋಡಿ. ಕೆಂಪು ಗೆರೆ ಕಂಡರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ನಲ್ಲಿ ನೀರೂ ಬೇಡ, ಕುಡಿಯುವ ಫಿಲ್ಟರ್ ನೀರೂ ಬೇಡ. ಆಸಿಡ್ ಅಂತೂ ಕೂಡದು, ಆವಿಯಾಗಿ ಹೋಗಿರುವುದು ನೀರು ಮಾತ್ರ. ಚಾರ್ಜ್ ಪೂರ್ತಿಯಾದ ಮೇಲೆ ಹಾಕಿ. ಖಾಲಿ ಬ್ಯಾಟರಿಗೆ ಕಂಠಮಟ್ಟ ಸುರಿದರೆ ಚಾರ್ಜ್ ಆಗುವಾಗ ಉಬ್ಬಿ ಆಸಿಡ್ ಸಮೇತ ಹೊರಚೆಲ್ಲುತ್ತದೆ. ಪ್ಲೇಟು ತೆರೆದುಕೊಂಡಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲೇ ಹಾಕಿ, ಉಳಿದದ್ದು ಆಮೇಲೆ.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಅಲ್ಲಿ ಸಂಪರ್ಕ ಸಡಿಲ. 200 ವಾಟ್‌ಗೇ 12 ವೋಲ್ಟಿನ ತಂತಿಯಲ್ಲಿ 20 ಆಂಪಿಯರ್ ಸುಮಾರು ಹರಿಯುತ್ತದೆ, ಸಡಿಲವಿದ್ದ ಜಾಗ ಕಾದು ಕರಗುತ್ತದೆ. ಶುಚಿ ಮಾಡುವಾಗ ಇನ್ವರ್ಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಕೈಯ ಉಂಗುರ, ಬಳೆ ತೆಗೆದಿಡಿ. ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ಹಳೆಯ ಬ್ರಷ್ ಅದ್ದಿ ಉಜ್ಜಿ. ಸೆಲ್ಲಿನ ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ನೀರು ಒಂದು ಹನಿಯೂ ಒಳಗೆ ಹೋಗಬಾರದು. ಒಣಗಿಸಿ, ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ ಬಿಗಿದು, ಮೇಲೆ ವ್ಯಾಸಲಿನ್ ಸವರಿ. ಸ್ಪ್ಯಾನರ್ ಜಾರಿ ಎರಡೂ ಟರ್ಮಿನಲ್‌ಗೆ ಅಡ್ಡ ಬಿದ್ದರೆ ಕಬ್ಬಿಣವೇ ಬೆಂಕಿಯಂತೆ ಕೆಂಪಗಾಗುತ್ತದೆ. ಹಿಡಿಕೆಗೆ ಇನ್ಸುಲೇಷನ್ ಟೇಪ್ ಸುತ್ತಿಕೊಳ್ಳಿ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಬರುವುದರಿಂದ ಅದನ್ನು ಮುಚ್ಚಿದ ಕಪಾಟಿನಲ್ಲಾಗಲಿ, ಮಲಗುವ ಕೋಣೆಯಲ್ಲಾಗಲಿ, ದೀಪ ಹಚ್ಚುವ ಜಾಗದ ಪಕ್ಕದಲ್ಲಾಗಲಿ ಇಡಬೇಡಿ.

ಇನ್ನೊಂದು ಎಚ್ಚರಿಕೆ ಜೀವಕ್ಕೆ ಸಂಬಂಧಿಸಿದ್ದು. ಮೇನ್ ಸ್ವಿಚ್ ಆಫ್ ಮಾಡಿದೆವು, ಇನ್ನೇನೂ ಭಯವಿಲ್ಲ ಎಂದು ಹೋಲ್ಡರಿಗೆ ಕೈ ಹಾಕುವವರಿದ್ದಾರೆ. ಮೇನ್ ಆಫ್ ಆದ ಮರುಕ್ಷಣವೇ ಇನ್ವರ್ಟರ್ ಆನ್ ಆಗಿ ಅದೇ ಹೋಲ್ಡರಿಗೆ 230 ವೋಲ್ಟ್ ಕೊಡುತ್ತದೆ. ಮೊದಲು ಇನ್ವರ್ಟರ್, ಆಮೇಲೆ ಮೇನ್, ಕೊನೆಗೆ ಟೆಸ್ಟರ್ ಇಟ್ಟು ನೋಡಿಯೇ ಕೈ ಹಾಕಬೇಕು. ಜನರೇಟರ್ ಇಟ್ಟುಕೊಂಡವರು ಅದರ ತಂತಿಯನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಮನೆಗೆಲ್ಲ ಕರೆಂಟ್ ಕೊಡುವುದು ಇನ್ನೂ ಅಪಾಯ. ಆ ವಿದ್ಯುತ್ ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಿಗೆ ಏರಿ, ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ನನ್ನು ಕೊಲ್ಲಬಲ್ಲದು. ಮನೆಯನ್ನು ಲೈನಿಗೆ ಇಲ್ಲವೇ ಜನರೇಟರಿಗೆ, ಒಂದಕ್ಕೆ ಮಾತ್ರ ಸೇರಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸಲೇಬೇಡಿ. ಅದನ್ನು ಬಾಗಿಲು, ಕಿಟಕಿಗಳಿಂದ 20 ಅಡಿಯಾದರೂ ದೂರವಿಡಿ; ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಫ್ರಿಜ್ಜನ್ನು ಸಾಮಾನ್ಯ ಇನ್ವರ್ಟರಿಗೆ ಕಟ್ಟುವ ಅಗತ್ಯವಿಲ್ಲ. ಬಾಗಿಲು ತೆರೆಯದಿದ್ದರೆ ನಾಲ್ಕು ತಾಸು ಒಳಗಿನ ತಂಪು ಉಳಿಯುತ್ತದೆ. ಫ್ರೀಜರಿನ ಖಾಲಿ ಜಾಗದಲ್ಲಿ ಮುಕ್ಕಾಲು ತುಂಬಿದ ನೀರಿನ ಬಾಟಲಿ ಇಟ್ಟರೆ ತಂಪು ಇನ್ನೂ ಹೊತ್ತು ನಿಲ್ಲುತ್ತದೆ. ಕರೆಂಟ್ ಬಂದ ತಕ್ಷಣ ಫ್ರಿಜ್ ಆನ್ ಮಾಡದೆ ಐದು ನಿಮಿಷ ಬಿಡಿ, ಕಂಪ್ರೆಸರಿನ ಒತ್ತಡ ಸಮವಾಗಲು ಅಷ್ಟು ಬೇಕು. ನೀರಿನ ಮೋಟಾರಿನ ಸ್ವಿಚ್ಚನ್ನೂ ಕರೆಂಟ್ ಹೋದ ಕೂಡಲೇ ಆಫ್ ಮಾಡಿಡಿ. ಮರೆತರೆ ನಡುರಾತ್ರಿ ತಾನೇ ಶುರುವಾಗಿ ಟ್ಯಾಂಕ್ ತುಂಬಿ ಹರಿಯುತ್ತದೆ, ಸಂಪ್ ಖಾಲಿಯಿದ್ದರೆ ಮೋಟಾರ್ ಸುಟ್ಟುಹೋಗುತ್ತದೆ.

ಮನೆಯಲ್ಲಿ ಇನ್ಸುಲಿನ್ ಇದ್ದರೆ ಅದನ್ನು ಮಂಜುಗಡ್ಡೆಗೆ ತಾಗಿಸಿ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್ ನಂಬಿರುವ ರೋಗಿಯಿದ್ದರೆ ಇನ್ವರ್ಟರ್ ಒಂದನ್ನೇ ನೆಚ್ಚಿಕೊಳ್ಳಬೇಡಿ. 300 ವಾಟ್ ಸುಮಾರಿನ ಆ ಯಂತ್ರ ಮೇಲೆ ಹೇಳಿದ 150 ಎಎಚ್ ಬ್ಯಾಟರಿಯನ್ನು ಎರಡೂವರೆ ತಾಸಿನೊಳಗೇ ಅರ್ಧಕ್ಕೆ ತರುತ್ತದೆ. ತುಂಬಿದ ಸಿಲಿಂಡರ್ ಮನೆಯಲ್ಲಿರಲಿ, ಅದರ ವಾಲ್ವ್ ತೆರೆಯುವುದು ಮನೆಯ ಇಬ್ಬರಿಗಾದರೂ ಗೊತ್ತಿರಲಿ.

ವಿದ್ಯುತ್ ಸರಬರಾಜು ಮಾಡುವವರಲ್ಲಿ ಒಂದು ವಿನಂತಿ. ಕಡಿತ ಅನಿವಾರ್ಯವಾದರೆ ಮಾಡಿ, ಆದರೆ ಎರಡು ಕಡಿತಗಳ ನಡುವೆ ಆರೇಳು ತಾಸು ಬಿಡಿ. ಕರೆಂಟ್ ಹೋಗುವ ಹೊತ್ತಿನ ಜೊತೆಗೆ ಮರಳಿ ಬರುವ ಹೊತ್ತನ್ನೂ ಹಿಂದಿನ ದಿನವೇ ತಿಳಿಸಿ. ಆ ಪಟ್ಟಿಯನ್ನು ತಮ್ಮ ಪತ್ರಿಕೆ ಓದುಗರಿಗೆ ತಲುಪಿಸಬೇಕೆಂದು ಕೋರುತ್ತೇನೆ.

ಇತಿ,
ಇನ್ವರ್ಟರ್ ರಿಪೇರಿ ಕೆಲಸದ ಓದುಗ