ಯೆರಿಕೋ ಗೋಡೆಯ ವಯಸ್ಸು

ಪ್ರಿಯ ಗೆಳೆಯ,

ಯೆಹೋಶುವ ದಂಡೆತ್ತಿ ಬಂದಾಗ ಕುಸಿದುಬಿತ್ತು, ಊರೂ ಸುಟ್ಟುಹೋಯಿತು ಎಂದು ಬೈಬಲ್ ಹೇಳುವ ಯೆರಿಕೋ ಗೋಡೆ ಸಿಕ್ಕಿದೆಯೋ ಇಲ್ಲವೋ, ಒಂದೇ ಮಾತಲ್ಲಿ ಹೇಳು ಅಂದಿದ್ದೀಯ. ಸಿಕ್ಕಿದೆ, ಒಂದರ ಮೇಲೊಂದು ಕಟ್ಟಿದ ಹಲವು ಗೋಡೆಗಳೇ ಸಿಕ್ಕಿವೆ. ತಕರಾರು ಇರುವುದು ವಯಸ್ಸಿನದು.

ಹಳೆಯ ಯೆರಿಕೋ ಹೂತಿರುವ ತೆಲ್ ಎಸ್ ಸುಲ್ತಾನ್ ದಿಬ್ಬವನ್ನು 1930ರಿಂದ 1936ರವರೆಗೆ ಅಗೆದ ಪುರಾತತ್ವಜ್ಞ ಜಾನ್ ಗಾರ್‌ಸ್ಟಾಂಗ್, ಬಿದ್ದ ಜೋಡಿ ಗೋಡೆಯೊಂದನ್ನು ಕಂಡು ಕ್ರಿ.ಪೂ. 1400ರ ಸುಮಾರಿನದು, ಯೆಹೋಶುವನ ಕಾಲದ್ದೇ ಎಂದರು. 1952–58ರಲ್ಲಿ ಇನ್ನೊಬ್ಬ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ ಅಲ್ಲಿ ಅಡ್ಡ ಕಂದಕ ತೋಡಿ ನೋಡಿದರೆ, ಗೋಡೆ ಅದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದು!

ಗೋಡೆ ಕಂಡೊಡನೆ ಅದರ ಮೈಗಂಟಿಕೊಂಡೇ ಅಗೆಯುತ್ತ ಹೋದರೆ ಫೋಟೊ ಚೆನ್ನಾಗಿ ಬರುತ್ತದೆ, ಆದರೆ ಗೋಡೆಗೂ ಪಕ್ಕದ ನೆಲಕ್ಕೂ ಇದ್ದ ನಂಟು ಸಲಿಕೆಯಲ್ಲೇ ಹೋಗುತ್ತದೆ. ವಯಸ್ಸು ಹೇಳುವುದು ಪಾಯದ ಗುಂಡಿಗೆ ತುಂಬಿದ ಮಣ್ಣು. ಅದರಲ್ಲಿರುವ ಅತಿ ಹೊಸ ಬೋಕಿ ಚೂರಿಗಿಂತ ಗೋಡೆ ಹಳೆಯದಾಗಿರಲಾರದು. ಹಾಗಾಗಿ ಗೋಡೆಗೆ ಅಡ್ಡ ಕೊಯ್ದು, ಚೌಕಗಳ ನಡುವೆ ಅಗೆಯದ ಮಣ್ಣಿನ ದಿಂಡು ಬಿಟ್ಟು, ಅದರ ಮುಖದಲ್ಲಿ ಸ್ತರಗಳನ್ನು ಓದಬೇಕು. ಒಂದೊಂದು ಸ್ತರದ ಚೂರಿಗೂ ಬೇರೆ ಬುಟ್ಟಿ. ನಡುವೆ ಇಲಿ ಬಿಲವೋ ಹಳೆಯ ಕಸದ ಗುಂಡಿಯೋ ಇದ್ದು ಕಣ್ಣಿಗೆ ಬೀಳದಿದ್ದರೆ, ಹೊಸ ಚೂರು ಹಳೆ ಬುಟ್ಟಿ ಸೇರಿ ಲೆಕ್ಕವೇ ಕೆಡುತ್ತದೆ. (ಕೆನ್ಯನ್ ಇದನ್ನು ಕಲಿತದ್ದು ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬಳಿ. 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಸಿದವರೂ ಅವರೇ.)

ಊರು ಸುಟ್ಟದ್ದಂತೂ ನಿಜ. ಜಾಡಿಗಳಲ್ಲಿ ಕರಕಲಾದ ಕಾಳು ಸಿಕ್ಕಿತು. 1995ರಲ್ಲಿ ಪ್ರಕಟವಾದ ಕಾರ್ಬನ್ ಪರೀಕ್ಷೆ ಅದನ್ನು ಕ್ರಿ.ಪೂ. 16ನೇ ಶತಮಾನಕ್ಕೆ ಒಯ್ಯುತ್ತದೆ. ಇಂಥಲ್ಲಿ ತೊಲೆಗಿಂತ ಕಾಳನ್ನೇ ನಂಬಬೇಕು. ತೊಲೆ ಹೇಳುವುದು ಮರ ಬೆಳೆದ ಕಾಲ, ಕಾಳು ಬೆಂಕಿ ಬಿದ್ದ ಆಸುಪಾಸಿನ ಸುಗ್ಗಿಯದು. ಯೆಹೋಶುವನಿಗೆ ಸಾಮಾನ್ಯವಾಗಿ ಹೇಳುವ 1400ಕ್ಕೂ 13ನೇ ಶತಮಾನಕ್ಕೂ ಅದು ಕೂಡಿಬರುವುದಿಲ್ಲ.

ಆ ಬೆಂಕಿಯ ನಂತರದ, ಯೆಹೋಶುವನದೆನ್ನುವ ಕಾಲದ್ದೆಂದು ಕೆನ್ಯನ್‌ಗೆ ಸಿಕ್ಕಿದ್ದು ತುಂಡು ನೆಲ, ಒಂದು ಒಲೆ, ಪಕ್ಕದಲ್ಲೊಂದು ಪುಟ್ಟ ಕುಡಿಕೆ. ಮಿಕ್ಕದ್ದು ಮಳೆಗೆ ಕೊಚ್ಚಿಹೋಯಿತು ಎನ್ನುವವರಿದ್ದಾರೆ. ಮೇಲ್ಪದರ ಸವೆದದ್ದನ್ನು ಕೆನ್ಯನ್ ಕೂಡ ಒಪ್ಪುತ್ತಿದ್ದರು. ನನಗೆ ಸಮಾಧಾನವಿಲ್ಲ. ಕೋಟೆಯೂರೊಂದು ಕೊಚ್ಚಿಹೋದರೆ ಅದರ ಚೂರು ಎಲ್ಲಿ ಹೋಗಿ ಬೀಳಬೇಕು ಹೇಳು?

ಇದನ್ನು ಭಕ್ತರಿಗೂ ನಾಸ್ತಿಕರಿಗೂ ನಡೆದ ಜಗಳವೆಂದು ಓದಬೇಡ. ಮೃತ ಸಮುದ್ರದ ಸುರುಳಿಗಳು ಸಿಕ್ಕ ಕುಮ್ರಾನ್ ಅಗೆದ ರೋಲಾಂ ದ ವೋ, ಡೊಮಿನಿಕನ್ ಪಂಥದ ಕ್ಯಾಥೊಲಿಕ್ ಪಾದ್ರಿ. 1961ರಲ್ಲಿ ಜೆರೂಸಲೇಮಿನಲ್ಲಿ ಕೆನ್ಯನ್ ಜೊತೆಗೇ ಅಗೆದವರು.

ಮುಂದಿನ ಸಲ ‘ಬೈಬಲ್ ಸಾಬೀತಾಯಿತು’ ಎಂಬ ವಿಡಿಯೊ ಕಳಿಸುವ ಮುಂಚೆ, ಆ ವಸ್ತು ಯಾವ ಸ್ತರದ್ದು, ಅಗೆದು ತೆಗೆದದ್ದೋ ವ್ಯಾಪಾರಿಯಿಂದ ಕೊಂಡದ್ದೋ ನೋಡಿ ಕಳಿಸು.

ಇಂತಿ,
ನಿನ್ನ ಗೆಳೆಯ